ಪುಂಡಿಪಲ್ಲೆಯಿಂದ ಬಿದರಿವರೆಗೆ: ಯಾವ ಬಣ್ಣ ನಿಲ್ಲುತ್ತದೆ, ಯಾವುದು ಹೋಗುತ್ತದೆ?

ಪುಂಡಿಪಲ್ಲೆ ಮಾಡುವವರಿಗೆಲ್ಲ ಇದು ಗೊತ್ತು. ಸಂತೆಯಿಂದ ತಂದಾಗ ಎಲೆ ಹಚ್ಚಹಸಿರು. ಸೋಸಿ, ತೊಳೆದು, ತೊಗರಿಬೇಳೆ, ಹಸಿಮೆಣಸಿನಕಾಯಿ ಜೊತೆ ಒಲೆ ಮೇಲೆ ಇಟ್ಟರೆ ಸ್ವಲ್ಪ ಹೊತ್ತಿಗೇ ಹಸಿರು ಮಾಯ. ಉಳಿಯುವುದು ಮಂಕಾದ, ಕಂದು ಬೆರೆತ ಒಂದು ಬಣ್ಣ. ಪಕ್ಕದ ಒಲೆಯಲ್ಲಿರುವ ಮೆಂತ್ಯಪಲ್ಲೆ ಇಷ್ಟು ಬೇಗ ಹೀಗಾಗುವುದಿಲ್ಲ. ಬೆಂಕಿ ಒಂದೇ, ಎರಡೂ ಸೊಪ್ಪೇ. ಮತ್ತೆ ಯಾಕೆ ಹೀಗೆ?

ಪುಂಡಿಯ ಹುಳಿಯೇ ಕಾರಣ. ಎಲೆಗೆ ಹಸಿರು ಕೊಡುವುದು ಪತ್ರಹರಿತ್ತು, ಅಂದರೆ ಕ್ಲೋರೋಫಿಲ್. ಅದರ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಹಸಿ ಎಲೆಯಲ್ಲಿ ಹುಳಿಯೂ ಇರುತ್ತದೆ, ಪತ್ರಹರಿತ್ತೂ ಇರುತ್ತದೆ. ಆದರೆ ಎರಡೂ ಬೇರೆ ಬೇರೆ ಕೋಣೆಗಳಲ್ಲಿ. ಬಿಸಿ ತಾಗಿದಾಗ ಆ ಗೋಡೆಗಳು ಒಡೆಯುತ್ತವೆ, ಹುಳಿ ಹೊರಗೆ ಬಂದು ಮೆಗ್ನೀಸಿಯಂ ಅನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಹೈಡ್ರೋಜನ್ ತಂದು ಕೂರಿಸುತ್ತದೆ. ಅಷ್ಟೇ, ಹಸಿರು ಹೋಯಿತು. ಬೇರೆ ಸೊಪ್ಪಾದರೆ ಮುಚ್ಚಳ ತೆಗೆದು ಬೇಯಿಸಿ ಸ್ವಲ್ಪ ಹುಳಿಯನ್ನು ಆವಿಯ ಜೊತೆ ಕಳಿಸಬಹುದು. ಪುಂಡಿಗೆ ಈ ಉಪಾಯ ನಡೆಯುವುದಿಲ್ಲ, ಅದರ ಮೈಯೆಲ್ಲ ಹುಳಿ. ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ ನಿಜ, ಆದರೆ ಎಲೆ ಲೋಳೆಯಾಗುತ್ತದೆ, ಹುಳಿಯೂ ಹೋಗುತ್ತದೆ. ಹುಳಿಯೇ ಇಲ್ಲದ ಪುಂಡಿಪಲ್ಲೆ ಯಾರಿಗೆ ಬೇಕು?

ಇದರಲ್ಲೇ ಇನ್ನೊಂದು ಸಂಗತಿ ಇದೆ. ಮೆಗ್ನೀಸಿಯಂ ಎದ್ದುಹೋದ ಜಾಗದಲ್ಲಿ ತಾಮ್ರ ಬಂದು ಕೂತರೆ ಹಸಿರು ವಾಪಸ್ ಬರುತ್ತದೆ, ಮೊದಲಿಗಿಂತ ಗಟ್ಟಿಯಾಗಿ. ಕಲಾಯಿ ಇಲ್ಲದ ತಾಮ್ರದ ಅಥವಾ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಬೇಯಿಸಿದರೆ ಹೀಗಾಗುತ್ತದೆ. ನೋಡಲು ಚೆಂದ, ತಿಂದರೆ ತಾಮ್ರ ಹೊಟ್ಟೆಗೆ. ಹಿಂದೆ ಕಲಾಯಿಯವರು ಓಣಿಗೆ ಬಂದಾಗ ಹೆಂಗಸರು ಕೆಲಸ ಬಿಟ್ಟು ಪಾತ್ರೆ ಹೊರಗೆ ತರುತ್ತಿದ್ದದ್ದು ಸುಮ್ನೆ ಅಲ್ಲ.

ಬಣ್ಣ ಅಂದರೆ ನುಂಗದೆ ಬಿಟ್ಟ ಬೆಳಕು

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ಒಂದು ವಸ್ತು ಅದರಲ್ಲಿ ಕೆಲವನ್ನು ನುಂಗಿ, ಉಳಿದದ್ದನ್ನು ಹೊರಗೆ ಬಿಡುತ್ತದೆ. ಬಿಟ್ಟದ್ದು ನಮ್ಮ ಕಣ್ಣಿಗೆ ಬಣ್ಣ. ಗಿಡಗಳ ಬಣ್ಣದಲ್ಲಿ ಈ ನುಂಗುವ ಕೆಲಸ ಮಾಡುವುದು ಇಂಗಾಲದ ಸರಪಳಿಗಳು. ಒಂದು ಬಿಟ್ಟು ಒಂದು ಜೋಡಿಬಂಧ ಇರುವ ಸರಪಳಿ. ತತ್ವಪದ ಹಾಡುವವರ ಏಕತಾರಿ ನೋಡಿದ್ದೀರಲ್ಲ, ತಂತಿ ಉದ್ದವಾದಷ್ಟೂ ಸ್ವರ ಕೆಳಗೆ ಇಳಿಯುತ್ತದೆ. ಇಲ್ಲೂ ಹಾಗೇ. ಸರಪಳಿ ಗಿಡ್ಡ ಇದ್ದರೆ ಅದು ನುಂಗುವುದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು, ಆಗ ವಸ್ತು ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಉದ್ದವಾದರೆ ನೀಲಿಯನ್ನು ನುಂಗಿ ಹಳದಿಯಾಗುತ್ತದೆ. ಇನ್ನೂ ಉದ್ದವಾದರೆ ಕೇಸರಿ, ಕೆಂಪು.

ಸರಪಳಿ ಎಲ್ಲಾದರೂ ತುಂಡಾದರೆ ಬಣ್ಣ ಅಲ್ಲಿಗೆ ಮುಗಿಯಿತು. ತುಂಡು ಮಾಡುವವರು ಸುತ್ತಲೂ ಇದ್ದಾರೆ: ಬಿಸಿಲು, ಗಾಳಿಯ ಆಮ್ಲಜನಕ, ಶಾಖ. ತುಂಡಾಗದೆ ರೂಪ ಸ್ವಲ್ಪ ಬದಲಾದರೂ ಸಾಕು, ಬಣ್ಣ ಬೇರೆಯಾಗುತ್ತದೆ. ಹುಳಿ ಮತ್ತು ಕ್ಷಾರ ಮಾಡುವುದು ಈ ಎರಡನೇ ಕೆಲಸ.

ಅರಿಶಿನ ತೆಗೆದುಕೊಳ್ಳಿ. ಅದರ ಹಳದಿಗೆ ಕಾರಣ ಕರ್ಕ್ಯುಮಿನ್. ಸುಣ್ಣ ತಾಗಿದ ಕೂಡಲೇ ಕೆಂಪಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರು ಇದೇ. ಅರಿಶಿನಕ್ಕೆ ಕ್ಷಾರ ಸೇರಿಸಿ ಮಾಡುವ ಕುಂಕುಮವೂ ಇದೇ. ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿ, ಮತ್ತೆ ಹಳದಿ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ. ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದಾಗಲೂ ಇದೇ ನಡೆಯುತ್ತದೆ. ಸಾಬೂನು ಕ್ಷಾರ, ಹಾಗಾಗಿ ಉಜ್ಜಿದಾಗ ಕಲೆ ಕೆಂಪಾಗಿ ಇನ್ನೂ ಹೆದರಿಸುತ್ತದೆ. ತೊಳೆದು ಬಿಸಿಲಿಗೆ ಹಾಕಿದರೆ ಸಂಜೆಯೊಳಗೆ ಬಹುಪಾಲು ಮಾಯ. ನಮ್ಮ ಕಲಬುರಗಿ ಬಿಸಿಲಿಗೆ ಇದೊಂದು ಕೆಲಸವಾದರೂ ಚೆನ್ನಾಗಿ ಬರುತ್ತದೆ.

ಎಲೆ ಅಡಿಕೆಯ ಕೆಂಪು ಬೇರೆ ಬಗೆಯದು. ಅಡಿಕೆ, ಕಾಚುಗಳಲ್ಲಿರುವ ಒಗರು ಪದಾರ್ಥ ಸುಣ್ಣದ ಜೊತೆ ಸೇರಿ, ಗಾಳಿ ಹೀರಿಕೊಂಡು ಬಾಯಲ್ಲೇ ಕೆಂಪಾಗುತ್ತದೆ. ಬರೀ ಎಲೆ ಜಗಿದರೆ ಏನೂ ಆಗುವುದಿಲ್ಲ. ನೇರಳೆಹಣ್ಣು, ಬದನೆಕಾಯಿ ಸಿಪ್ಪೆ, ಶಂಖಪುಷ್ಪ ಇವುಗಳದ್ದು ಆಂಥೋಸಯಾನಿನ್ ಎಂಬ ಬಣ್ಣ. ಹುಳಿಯಲ್ಲಿ ಕೆಂಪು, ಹುಳಿ ಕಡಿಮೆಯಾದಂತೆ ನೇರಳೆ, ನೀಲಿ. ಬೀಟ್‌ರೂಟಿನದು ಮತ್ತೊಂದು ಕುಲ. ನೀರಿಗೆ ಧಾರಾಳ ಬಿಡುತ್ತದೆ, ಬಿಸಿಗೆ ಬೇಗ ಸೋಲುತ್ತದೆ.

ಮೆಣಸಿನಕಾಯಿ ಕೆಂಪು ನೀರಿಗೆ ಬರುವುದೇ ಇಲ್ಲ, ಎಣ್ಣೆಗೆ ಬರುತ್ತದೆ. ಸಾರಿನ ಮೇಲೆ ತೇಲುವ ಕೆಂಪು ಎಣ್ಣೆ ಅದಕ್ಕೆ ಸಾಕ್ಷಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುಸುಬಿ ಹೊಲದಲ್ಲಿ

ಈ ಭಾಗದ ಬಣ್ಣಗಳ ಬಗ್ಗೆ ಬರೆಯುವಾಗ ಕುಸುಬಿಗೆ ಒಂದಿಷ್ಟು ಜಾಸ್ತಿ ಜಾಗ ಕೊಡಲೇಬೇಕು. ಕಲಬುರಗಿ, ಬೀದರ್ ಕಡೆ ಹಿಂಗಾರಿಯಲ್ಲಿ ಬಿಳಿಜೋಳದ ಜೊತೆ ಅಕ್ಕಡಿಯಾಗಿ ಬಿತ್ತುವ ಬೆಳೆ ಇದು. ಎಳೆ ಎಲೆ ಪಲ್ಲೆಗೆ, ಬೀಜ ಗಾಣಕ್ಕೆ, ಬೀಜ ರುಬ್ಬಿ ತೆಗೆದ ಹಾಲು ಹುಗ್ಗಿಗೆ. ಹೂವನ್ನು ಮಾತ್ರ ನಾವು ನೋಡುವುದೇ ಇಲ್ಲ. ಮುಳ್ಳು ಬೇರೆ, ಯಾರು ಕೈ ಹಾಕುತ್ತಾರೆ?

ಅರಳುವಾಗ ಕುಸುಬಿ ಹೂ ಹಳದಿ. ಬಾಡುತ್ತಾ ಬಂದಂತೆ ಕೇಸರಿ, ಕೊನೆಗೆ ಕೆಂಪು. ಅದರಲ್ಲಿ ಎರಡು ಬಣ್ಣಗಳಿವೆ. ಹಳದಿ ಜಾಸ್ತಿ, ಅದು ನೀರಿನಲ್ಲಿ ಕರಗುತ್ತದೆ. ಕೆಂಪಿನ ಹೆಸರು ಕಾರ್ಥಮಿನ್. ಒಣಗಿದ ಹೂವಿನ ತೂಕದಲ್ಲಿ ಅದು ನೂರಕ್ಕೆ ಒಂದು ಪಾಲೂ ಇಲ್ಲ. ಅದು ನೀರಿಗೆ ಬರುವುದಿಲ್ಲ, ಕ್ಷಾರಕ್ಕೆ ಬರುತ್ತದೆ. ಬಣ್ಣಗಾರರು ಹಿಂದಿನಿಂದ ಮಾಡಿಕೊಂಡು ಬಂದದ್ದು ಈ ವ್ಯತ್ಯಾಸವನ್ನು ಹಿಡಿದೇ. ಮೊದಲು ಎಸಳುಗಳನ್ನು ಗಂಟು ಕಟ್ಟಿ ನೀರಿನಲ್ಲಿ ತುಳಿದು ತುಳಿದು ಹಳದಿಯನ್ನು ಪೂರ್ತಿ ಕಳೆಯುತ್ತಾರೆ. ಹೊಳೆಯ ನೀರು ಹಳದಿಯಾಗಿ ಹರಿದು, ಕೊನೆಗೆ ತಿಳಿಯಾಗುವ ತನಕ. ಆಮೇಲೆ ಬೂದಿಯ ತಿಳಿನೀರು ಅಥವಾ ಸೋಡಾ ಹಾಕಿದರೆ ಕೆಂಪು ಕರಗಿ ಹೊರಬರುತ್ತದೆ. ಅದರಲ್ಲಿ ಬಟ್ಟೆ ಅದ್ದಿ ನಿಂಬೆರಸವೋ ಬೇರೆ ಹುಳಿಯೋ ಹಾಕುತ್ತಾರೆ. ಹುಳಿ ಬಿದ್ದಾಗ ಕಾರ್ಥಮಿನ್‌ಗೆ ನೀರಿನಲ್ಲಿ ನಿಲ್ಲಲು ಆಗುವುದಿಲ್ಲ, ಹೋಗಿ ನೂಲಿಗೆ ಅಂಟಿಕೊಳ್ಳುತ್ತದೆ. ಗುಲಾಬಿಯಿಂದ ಕಡುಗೆಂಪಿನವರೆಗೆ ಎಷ್ಟು ಬೇಕೋ ಅಷ್ಟು. ಹತ್ತಿಬಟ್ಟೆಗೆ ಬೇರೆ ಯಾವ ಆಸರೆಯೂ ಬೇಡ. ಈಜಿಪ್ಟಿನಲ್ಲಿ ಮಮ್ಮಿಗಳ ಬಟ್ಟೆಗೆ, ಜಪಾನಿನಲ್ಲಿ ತುಟಿಗೆ ಹಚ್ಚುವ ಬಣ್ಣಕ್ಕೆ ಬಳಸಿದ್ದು ಇದೇ ಹೂವನ್ನು.

ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ. ಸಾಬೂನಿಗೂ ತಾಳುವುದಿಲ್ಲ, ಯಾಕೆಂದರೆ ಅದನ್ನು ಹೂವಿನಿಂದ ಹೊರತೆಗೆದದ್ದೇ ಕ್ಷಾರ, ಸಾಬೂನೂ ಕ್ಷಾರವೇ. ಬಂದ ದಾರಿಯಲ್ಲೇ ಹೋಗುತ್ತದೆ. 1856ರಲ್ಲಿ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣ ಮಾಡಿದ ಮೇಲೆ ಕಾರ್ಖಾನೆಯ ಬಣ್ಣಗಳ ಕಾಲ ಶುರುವಾಯಿತು. ಕುಸುಬಿ ಹೂವಿನ ವ್ಯಾಪಾರ ಅದರ ಮುಂದೆ ನಿಲ್ಲಲಿಲ್ಲ. ಅಯ್ಯೋ ಪಾಪ ಅನ್ನಿಸುತ್ತದೆ, ಆದರೆ ಒಗೆದರೆ ಹೋಗುವ ಬಣ್ಣವನ್ನು ದುಬಾರಿ ಬೆಲೆ ಕೊಟ್ಟು ಯಾರಾದರೂ ಎಷ್ಟು ದಿನ ಕೊಂಡಾರು?

ಮುತ್ತುಗದ್ದೂ ಇದೇ ಕಥೆ. ಹೋಳಿ ಹೊತ್ತಿಗೆ ಎಲೆಯೆಲ್ಲ ಉದುರಿಸಿ ಮೈತುಂಬ ಹೂ ಬಿಡುವ ಮರ. ಹೂ ಕುದಿಸಿದರೆ ಹಳದಿ ಕೇಸರಿ ನೀರು, ಚೂರು ಸುಣ್ಣ ಹಾಕಿದರೆ ಇನ್ನೂ ಗಾಢ. ಓಕುಳಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಯಾಕೆಂದರೆ ಓಕುಳಿ ಬಣ್ಣ ಹೋಗಬೇಕು.

ಬಟ್ಟೆಗೆ ಹಿಡಿಸುವುದು ಹೇಗೆ?

ಗಿಡದ ಬಣ್ಣ ನೂಲಿನ ಮೇಲೆ ನಿಲ್ಲಬೇಕಾದರೆ ಸಾಮಾನ್ಯವಾಗಿ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥ ಲೋಹ. ಪಟಕದಲ್ಲಿರುವ (ಆಲಂ) ಅಲ್ಯೂಮಿನಿಯಂ ಒಂದು ಕೈಯಲ್ಲಿ ನೂಲನ್ನು, ಇನ್ನೊಂದು ಕೈಯಲ್ಲಿ ಬಣ್ಣವನ್ನು ಹಿಡಿಯುತ್ತದೆ. ಲೋಹ ಬದಲಾದರೆ ಬಣ್ಣವೂ ಬದಲು. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಹುರಿದಾಗ ಕರ್ರಗಾಗುವುದೂ ಇದರಿಂದಲೇ. ಅದೇ ಕಪ್ಪನ್ನು ಶತಮಾನಗಳ ಕಾಲ ಬರೆಯುವ ಮಸಿಯಾಗಿ ಬಳಸಿದ್ದಾರೆ.

ನೀಲಿ ಗಿಡದ ದಾರಿ ಪೂರ್ತಿ ಬೇರೆ. ಎಲೆ ನೋಡಿದರೆ ಹಸಿರೇ, ನೀಲಿಯ ಸುಳಿವೂ ಇಲ್ಲ. ನೀರಿನಲ್ಲಿ ಕೊಳೆಹಾಕಿ, ಆ ನೀರನ್ನು ಬಡಿದು ಗಾಳಿ ಸೇರಿಸಿದಾಗ ನೀಲಿ ಹುಟ್ಟಿ ತಳಕ್ಕೆ ಕೂರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಮತ್ತೆ ಹುದುಗು ಬರಿಸಿ, ಆಮ್ಲಜನಕ ಕಿತ್ತು, ಹಳದಿ ಹಸಿರಿನ ದ್ರವ ಮಾಡಿ ಅದರಲ್ಲಿ ಬಟ್ಟೆ ಅದ್ದುತ್ತಾರೆ. ಹೊರಗೆ ಎತ್ತಿದಾಗ ಬಟ್ಟೆ ಹಸಿರು, ಕಣ್ಣೆದುರೇ ಗಾಳಿಗೆ ನೀಲಿಯಾಗುತ್ತದೆ. ಕರಗದ ನೀಲಿ ನೂಲಿನೊಳಗೆ ಸಿಕ್ಕಿಬೀಳುತ್ತದೆ. ಜೀನ್ಸ್ ಪ್ಯಾಂಟು ಮೊಣಕಾಲಿನ ಬಳಿ ಬೇಗ ಬೆಳ್ಳಗಾಗುವುದು ಉಜ್ಜಿ ಉದುರುವುದರಿಂದ. ಈಗಿನ ಜೀನ್ಸಿನದು ಗಿಡದ ನೀಲಿಯಲ್ಲ, ಕಾರ್ಖಾನೆಯದು. ಅದು ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಅಣು ಮಾತ್ರ ಎರಡರಲ್ಲೂ ಒಂದೇ.

ಕರಗುವುದು, ಕರಗದ್ದು, ಕಲಬೆರಕೆ

ಈಗ ಬಣ್ಣಗಳನ್ನು ಎರಡು ಗುಂಪು ಮಾಡಬಹುದು. ನೀರಿನಲ್ಲೋ ಎಣ್ಣೆಯಲ್ಲೋ ಕರಗಿ ಹೋಗುವವು ಒಂದು. ಕರಗದೆ ಪುಡಿಯಾಗಿಯೇ ಉಳಿಯುವವು ಇನ್ನೊಂದು. ಕಿರಾಣಿ ಅಂಗಡಿಯಲ್ಲಿ ಈ ವ್ಯತ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಒಂದು ಗ್ಲಾಸ್ ನೀರಿನ ಮೇಲೆ ಖಾರದ ಪುಡಿ ಉದುರಿಸಿ. ಕೆಂಪು ಗೆರೆಗಳು ಕೆಳಗೆ ಇಳಿಯುತ್ತಾ ಹೋದರೆ ಅನುಮಾನ ಪಡಿ. ಮೆಣಸಿನಕಾಯಿಯ ಸ್ವಂತ ಕೆಂಪು ನೀರಿಗೆ ಬರುವುದಿಲ್ಲ ಎಂದೆವಲ್ಲ. ಅರಿಶಿನದ್ದೂ ಹೀಗೇ. ಒಳ್ಳೆ ಪುಡಿ ತಳಕ್ಕೆ ಇಳಿಯುವಾಗ ನೀರನ್ನು ತೆಳು ಹಳದಿ ಮಾಡುತ್ತದೆ, ಕೃತಕ ಬಣ್ಣ ಬೆರೆತದ್ದು ಗಾಢ ಹಳದಿ ಮಾಡುತ್ತದೆ. ಮೆಟಾನಿಲ್ ಯೆಲ್ಲೋ ಎಂಬ ಬಟ್ಟೆಯ ಬಣ್ಣವನ್ನು ಅರಿಶಿನಕ್ಕೂ ತೊಗರಿಬೇಳೆಗೂ ಬೆರೆಸುವವರಿದ್ದಾರೆ. ತೊಗರಿಯ ನಾಡಿನಲ್ಲಿದ್ದುಕೊಂಡು ಬೇಳೆ ಪಳಪಳ ಹೊಳೆಯಬೇಕು ಅನ್ನುವುದನ್ನು ನಾವಾದರೂ ಬಿಡಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಸೀಸದ ಕ್ರೋಮೇಟ್. ಹಳದಿ ಪುಡಿ, ನೀರಿನಲ್ಲಿ ಕರಗದು, ಹೊಳಪು ಜಾಸ್ತಿ. ಗೋಡೆಯ ಬಣ್ಣಕ್ಕೆ ಮಾಡಿದ್ದು. ಅರಿಶಿನದಲ್ಲಿ ಸೇರಿದರೆ ಸೀಸ ಮೈಯೊಳಗೆ ಉಳಿದು ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ. ನೀರಿನ ಪರೀಕ್ಷೆಗೆ ಇದು ಸಿಗುವುದಿಲ್ಲ, ಪ್ರಯೋಗಾಲಯವೇ ಬೇಕು. ಆದ್ದರಿಂದ ಅರಿಶಿನದ ಕೊಂಬು ತಂದು ಗಿರಣಿಯಲ್ಲಿ ಬೀಸಿಸುವುದು ವಾಸಿ. ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳ ವಿಷಯ ನೆನಪಿರಬೇಕು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅವುಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆಗ ಸುದ್ದಿಯಾದ ರೋಡಮೈನ್-ಬಿ ಕೂಡ ಬಟ್ಟೆಗೆ ಹಾಕುವ ಬಣ್ಣವೇ.

ಹಾಗಂತ ನೈಸರ್ಗಿಕ ಅಂದ ಕೂಡಲೇ ಕಣ್ಣು ಮುಚ್ಚಿ ನಂಬುವುದೂ ಬೇಡ. ಹಳೆಯ ಚಿತ್ರಕಾರರು ಬಳಸುತ್ತಿದ್ದ ಇಂಗಲೀಕದಲ್ಲಿ ಪಾದರಸ ಇದೆ, ಹರಿದಾಳದಲ್ಲಿ ಆರ್ಸೆನಿಕ್ ಇದೆ. ಎರಡೂ ಭೂಮಿಯಿಂದಲೇ ಬಂದವು.

ಬೀದರಿನ ಮಣ್ಣು

ಕಲಬುರಗಿಯಿಂದ ಹುಮನಾಬಾದ್ ದಾಟಿ ಬೀದರ್ ಕಡೆ ಹೋಗುವಾಗ ಕಪ್ಪು ಎರೆ ಮಣ್ಣು ಬಿಟ್ಟು ಕೆಂಪು ನೆಲ ಕಾಣಿಸುತ್ತದೆ. ಎರಡರ ತಾಯಿಯೂ ಒಂದೇ, ದಖ್ಖನಿನ ಕರಿಕಲ್ಲು. ಬೀದರಿನ ಎತ್ತರದ ಬಯಲಿನಲ್ಲಿ ಲಕ್ಷಾಂತರ ವರ್ಷ ಮಳೆ ಸುರಿದು ಕಲ್ಲಿನ ಸಿಲಿಕಾ, ಸುಣ್ಣದ ಅಂಶ ತೊಳೆದುಹೋಯಿತು. ತೊಳೆಯಲಾಗದ ಕಬ್ಬಿಣ ಉಳಿದು ತುಕ್ಕಾಯಿತು. ಅದೇ ಜಂಬಿಟ್ಟಿಗೆ ಕಲ್ಲು. ಕೋಟೆಯ ಗೋಡೆ, ಕಂದಕ ಎಲ್ಲ ಅದರದ್ದೇ.

ಹುರಮಂಜು, ಕೆಮ್ಮಣ್ಣು ಎಂದು ಗೋಡೆಯ ಪಟ್ಟಿಗೆ ಬಳಿಯುತ್ತಿದ್ದದ್ದೂ ಇದೇ ಕಬ್ಬಿಣದ ಆಕ್ಸೈಡ್. ಹಳದಿ ಮಣ್ಣಿನಲ್ಲಿ ಕಬ್ಬಿಣದ ಜೊತೆ ನೀರಿನ ಅಂಶವೂ ಕಟ್ಟಿಕೊಂಡಿರುತ್ತದೆ. ಚೆನ್ನಾಗಿ ಸುಟ್ಟರೆ ನೀರು ಹೋಗಿ ಅದೂ ಕೆಂಪಾಗುತ್ತದೆ. ಈ ಕೆಂಪು ಮಾಸುವುದಿಲ್ಲ. ಬಿಸಿಲಿಗೆ ತುಂಡಾಗಲು ಅದರಲ್ಲಿ ಇಂಗಾಲದ ಸರಪಳಿಯೇ ಇಲ್ಲ. ಆಮ್ಲಜನಕಕ್ಕೂ ಅಲ್ಲಿ ಮಾಡಲು ಕೆಲಸವಿಲ್ಲ, ಆಗಲೇ ಪೂರ್ತಿ ತುಕ್ಕು ಹಿಡಿದಾಗಿದೆ.

ಬೀದರಿನ ಪಕ್ಕದ ಅಷ್ಟೂರಿಗೆ ಹೋದರೆ ಇಂಥ ಬಣ್ಣಗಳು ಎಷ್ಟು ಕಾಲ ಬಾಳುತ್ತವೆ ಅನ್ನುವುದು ಕಾಣುತ್ತದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಬಹಮನಿ ಸುಲ್ತಾನ ಅಹ್ಮದ್ ಶಾ ತೀರಿಕೊಂಡದ್ದು 1436ರಲ್ಲಿ. ಅವನ ಗುಮ್ಮಟದ ಒಳಗೋಡೆ, ಒಳಛಾವಣಿ ತುಂಬ ಕಡುಗೆಂಪು, ನೀಲಿ, ಚಿನ್ನದ ಬಣ್ಣದ ಬಳ್ಳಿ ಮತ್ತು ಬರಹ. ಒಳಗೆ ಬೆಳಕು ಕಡಿಮೆ. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿ ತೋರಿಸುವುದುಂಟು. ಆ ಕತ್ತಲೆಯೂ ಬಣ್ಣವನ್ನು ಕಾಪಾಡಿದೆ. ಅವನನ್ನು ಅಲ್ಲಮಪ್ರಭು ಎಂದು ನಂಬುವವರೂ ಇದ್ದಾರೆ. ಉರುಸಿಗೆ ಮಾಡಿಯಾಳದ ಜಂಗಮರು ಬರುತ್ತಾರೆ.

ಬಹಮನಿ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಹೆಂಚುಗಳಿಗೆ ಆ ಕತ್ತಲೆಯ ಆಸರೆ ಇರಲಿಲ್ಲ. ಹೊರಗೋಡೆ, ಮಳೆ, ಬಿಸಿಲು, ಸಾಲದ್ದಕ್ಕೆ 1696ರ ಸಿಡಿಮದ್ದಿನ ಸ್ಫೋಟ. ಆದರೂ ಉಳಿದ ಕಡೆ ನೀಲಿ, ಹಸಿರು, ಹಳದಿ, ಬಿಳಿ ಇನ್ನೂ ಇವೆ. ಇಂಥ ಹೆಂಚಿನ ಬಣ್ಣ ಅಂದರೆ ಮೇಲೆ ಬಳಿದದ್ದಲ್ಲ, ಕುಲುಮೆಯಲ್ಲಿ ಕರಗಿದ ಗಾಜು. ಗಾಜಿನೊಳಗೆ ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರ ಸೇರಿದರೆ ಹಸಿರು. ಹತ್ತಿರ ಹೋಗಿ ನೋಡಿ, ಹೆಂಚು ಉದುರಿದ ಜಾಗಗಳಿವೆ, ಅಂಟಿಸಿದ ಗಾರೆ ಸೋತಿದೆ. ಉಳಿದ ಹೆಂಚಿನ ನೀಲಿ ನೀಲಿಯೇ.

ಅಗಸಿ ಹಿಂಡಿಯ ಎಣ್ಣೆ

ಪುಡಿ ಬಣ್ಣ ತಾನಾಗಿ ಎಲ್ಲಿಯೂ ನಿಲ್ಲುವುದಿಲ್ಲ, ಹಿಡಿಯಲು ಅಂಟು ಬೇಕು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ, ದೇವರ ಕ್ಯಾಲೆಂಡರು, ಸಿನಿಮಾ ಪೋಸ್ಟರುಗಳಿಂದ ದೇಶವೆಲ್ಲ ಹೆಸರಾದ ಎಸ್. ಎಂ. ಪಂಡಿತ್ ಗ್ವಾಷ್ ಮತ್ತು ತೈಲವರ್ಣ ಎರಡರಲ್ಲೂ ಕೆಲಸ ಮಾಡಿದರು. ಗ್ವಾಷ್ ಅಂದರೆ ಬಣ್ಣದ ಪುಡಿಗೆ ಮರದ ಅಂಟು, ಹೆಚ್ಚಾಗಿ ಜಾಲಿ ಕುಲದ್ದು. ಬಾಣಂತಿಯರಿಗೆ ಮಾಡುವ ಅಂಟಿನುಂಡಿಗೆ ಹಾಕುವುದೂ ಆ ಬಗೆಯದ್ದೇ. ತೈಲವರ್ಣಕ್ಕೆ ಹಿಡಿಕೆ ಅಗಸಿ ಎಣ್ಣೆ. ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿಯಲ್ಲಿರುವುದು ಇದೇ ಎಣ್ಣೆ. ಶೇಂಗಾ ಎಣ್ಣೆಯಂತೆ ಇದು ಜಿಡ್ಡಾಗಿಯೇ ಉಳಿಯುವುದಿಲ್ಲ. ಗಾಳಿಯ ಆಮ್ಲಜನಕ ಕುಡಿದು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಗಟ್ಟಿ ಪೊರೆಯಾಗುತ್ತದೆ. ಒಂದೇ ದೋಷ, ಕಾಲ ಕಳೆದಂತೆ ಹಳದಿ ತಿರುಗುತ್ತದೆ. ಅದಕ್ಕೇ ಬಿಳಿ ಮತ್ತು ತಿಳಿ ಬಣ್ಣಗಳನ್ನು ಅರೆಯಲು ಬಣ್ಣ ತಯಾರಿಸುವವರು ಕುಸುಬಿ ಎಣ್ಣೆ ಬಳಸುತ್ತಾರೆ, ಅದು ಕಡಿಮೆ ಹಳದಿಯಾಗುತ್ತದೆ. ಹೂವಿನ ಕೆಂಪು ನಿಲ್ಲಲಿಲ್ಲ, ಬೀಜದ ಎಣ್ಣೆ ಬೇರೆಯವರ ಬಣ್ಣವನ್ನು ನಿಲ್ಲಿಸುತ್ತಿದೆ.

ಸುರಪುರದ ಚಿತ್ರಗಳಲ್ಲಿ ಅಂಟಿಸಿದ ಚಿನ್ನದ ಹಾಳೆಗೆ ಈ ಯಾವ ಚಿಂತೆಯೂ ಇಲ್ಲ. ಚಿನ್ನ ಯಾರ ಜೊತೆಯೂ ಸುಲಭವಾಗಿ ಸೇರುವುದಿಲ್ಲ.

ಬಿದರಿಯ ಕಪ್ಪು

ಕೊನೆಯದು ಬಳಿಯದೇ ಬರುವ ಬಣ್ಣ. ಬಿದರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬೀದರಿನ ಕಲೆ. ಬಿದರಿ ಪಾತ್ರೆಯ ಲೋಹದಲ್ಲಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿದಾಗ ಅದು ಬೂದು ಬಿಳಿ. ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಗೀರಿದ ಚಿತ್ತಾರ ಎದ್ದು ಕಾಣುತ್ತದೆ. ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಬಡಿದು ಕೂರಿಸಿ, ಮತ್ತೆ ಉಜ್ಜಿದಾಗ ಎಲ್ಲ ಒಂದೇ ಬಿಳಿ. ಬೆಳ್ಳಿ ಯಾವುದು, ಸತುವು ಯಾವುದು ಗೊತ್ತೇ ಆಗುವುದಿಲ್ಲ.

ಇಲ್ಲಿ ಕೋಟೆಯ ಮಣ್ಣು ಬರುತ್ತದೆ. ಬಿಸಿಲು ಮಳೆ ತಾಗದೆ ಬಹುಕಾಲ ಉಳಿದ ಜಾಗದ ಮಣ್ಣೇ ಆಗಬೇಕು. ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಮಣ್ಣಿನಲ್ಲಿರುವ ಪೆಟ್ಲುಪ್ಪಿನಂಥ ಲವಣ ಅವರಿಗೆ ಬೇಕಾದದ್ದು. ಆ ಮಣ್ಣಿಗೆ ನವಸಾಗರ, ನೀರು ಸೇರಿಸಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜಿದರೆ ಕೆಲವೇ ಕ್ಷಣದಲ್ಲಿ ಸತುವು ಕರ್ರಗೆ, ಬೆಳ್ಳಿ ಬೆಳ್ಳಗೆ. ಕೆಂಪು ಕೊಡುವ ಬೀದರಿನ ನೆಲವೇ ಇಲ್ಲಿ ಕಪ್ಪನ್ನೂ ಎಬ್ಬಿಸುತ್ತದೆ. ಮಣ್ಣೊಂದರಿಂದಲೇ ಈ ಕೆಲಸ ಆಗುವುದಿಲ್ಲ. ಆ ಒಂದು ಪಾಲು ತಾಮ್ರ ಇಲ್ಲದೆ ಬರೀ ಸತುವಿಗೆ ಈ ಕಪ್ಪು ಬರುವುದಿಲ್ಲ. ಮೇಲ್ಪದರದ ಸತುವು ಕರಗಿ, ತಾಮ್ರದ ಅಂಶವಿರುವ ನಯವಾದ ಕಪ್ಪು ಪೊರೆ ಉಳಿಯುತ್ತದೆ. ಬೆಳ್ಳಿಯನ್ನು ಆ ಮಿಶ್ರಣ ಮುಟ್ಟುವುದಿಲ್ಲ. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಮನೆಯಲ್ಲಿ ಬಿದರಿ ಸಾಮಾನು ಇದ್ದರೆ ಬೆಳ್ಳಿ ಹೊಳೆಯಲಿ ಎಂದು ಹುಣಸೆಹಣ್ಣು, ನಿಂಬೆ ಹಚ್ಚಿ ತಿಕ್ಕಬೇಡಿ. ಹುಳಿ ಸತುವನ್ನು ತಿನ್ನುತ್ತದೆ, ಕಪ್ಪೂ ಜೊತೆಗೇ ಹೋಗುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಆಗಾಗ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಕಪ್ಪು ಸವೆದು ಬೂದಿಬಣ್ಣ ಕಾಣಿಸತೊಡಗಿದರೆ ಮಾಡುವವರ ಬಳಿಯೇ ಕೊಟ್ಟು ಮತ್ತೊಮ್ಮೆ ಮಣ್ಣು ಉಜ್ಜಿಸಬಹುದು.